ಹತ್ತಕ್ಕೆ ಎಷ್ಟು

ಆವತ್ತು ಮುನ್ನೂರಾ ನಲವತ್ತರ ಹತ್ತಿರ ನಿಂತುಹೋದೆ.
ಮುಂದಿನ ಅಂಕಿ ಬರಲಿಲ್ಲ.

ಹದಿನೇಳು ವರ್ಷ ಇದೇ ಕೋಲಾರದ ಮಂಡಿಯಲ್ಲಿ
ಟೊಮೆಟೊ ಕೂಗಿದವನು ನಾನು, ಬ್ಯಾಟಪ್ಪ.
ಬಾಕ್ಸುಗಳ ಸಾಲಿನ ಮೇಲೆ ನಿಂತು
ಕನ್ನಡದಲ್ಲಿ ಏರಿಸಿ, ಹಿಂದಿಯಲ್ಲಿ ಕೆಣಕಿ,
ತೆಲುಗಿನಲ್ಲಿ ಬೈದು ಮುಗಿಸುವವನು.
ಕೆಮ್ಮು ಬಂದರೂ ತಾಳಕ್ಕೆ ಕೆಮ್ಮುವವನು.
ಆ ನಾಲಿಗೆ
ಒಣ ಚಕ್ಕೆಯ ಹಾಗೆ ಬಾಯೊಳಗೆ ಬಿದ್ದಿತ್ತು.

ಎಷ್ಟು ಹೊತ್ತು? ಒಂದು ಬೀಡಿ ಹಚ್ಚುವಷ್ಟು.
ಮಾಲೂರಿನ ರೈತ ರೇಟು ಬಿತ್ತು ಅಂದುಕೊಂಡ.
ಸಾಹುಕಾರರು ಫೋನು ಕೆಳಗಿಟ್ಟು ನೋಡಿದರು.
ಚೀಟಿ ಬರೆಯೋ ಹುಡುಗ
'ನಲವತ್ತೈದಾ ಅಣ್ಣಾ?' ಅಂತ ಮೆಲ್ಲಗೆ ಎಟುಕಿಸಿದ,
ಪರೀಕ್ಷೆಯಲ್ಲಿ ಪಕ್ಕದವನು ತೋರಿಸಿದ ಹಾಗೆ.
ಅದನ್ನೇ ಹಿಡಿದು ಮೇಲೆ ಬಂದೆ.
ಯಾರಿಗೂ ಗೊತ್ತಾಗಲಿಲ್ಲ.

ಅಂಜಿನಮ್ಮನಿಗೆ ಗೊತ್ತಿತ್ತು.
ಮೂರು ತಿಂಗಳಿಂದ ಲೆಕ್ಕ ಇಟ್ಟಿದ್ದಳು:
ರಾತ್ರಿ ಎಷ್ಟು ಸಲ ಎದ್ದು ಬಾಗಿಲ ಚಿಲಕ ಮುಟ್ಟಿ ಬಂದೆ,
ತಟ್ಟೆಯಲ್ಲಿ ಮುದ್ದೆ ಎಷ್ಟು ಉಳಿಸಿದೆ,
ಮಗಳು ಸೈಕಲ್ ಕಲಿತ ದಿನ
ನೋಡುತ್ತಾ ನಿಂತವನು ನಗಲೇ ಇಲ್ಲ ಅನ್ನೋದನ್ನೂ.
(ನಕ್ಕಿದ್ದೆ ಅಂದುಕೊಂಡಿದ್ದೆ.)
ಎದೆಯೊಳಗೆ ಲಾರಿ ನಿಂತಲ್ಲೇ
ಇಂಜಿನ್ ಓಡುತ್ತಿದ್ದದ್ದು ಮಾತ್ರ
ಅವಳ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ಮೊದಲು ಕೋಲಾರಮ್ಮನ ಗುಡಿಗೆ ಕರೆದುಕೊಂಡು ಹೋದಳು.
ಅಲ್ಲಿ ನೆಲದೊಳಗೊಂದು ಹುಂಡಿ,
ಹಾಕಿದ ಕಾಸನ್ನು ಯಾರೂ ತೆಗೆದು ಎಣಿಸಿಲ್ಲವಂತೆ.
ಒಂದು ರೂಪಾಯಿ ಬಿಟ್ಟು ಕಿವಿಗೊಟ್ಟೆ.
ಬಿದ್ದ ಸದ್ದು ಕೇಳಿಸಲಿಲ್ಲ.
ಇದು ನನಗೆ ಗೊತ್ತಿರೋ ಜಾಗ ಅನ್ನಿಸಿತು.

ಮಂಗಳವಾರ ಎಸ್ಸೆನ್ನಾರ್ ಆಸ್ಪತ್ರೆ.
ಬೋರ್ಡು ಓದದವನ ಹಾಗೆ ನಡೆದು
ಬೆಂಚಿನ ತುದಿಗೆ ಕೂತೆ.
ಆ ತುದಿಗೆ ಯಾರು? ಇಮ್ತಿಯಾಜ್ ಭಾಯ್.
ಕಲ್ಕತ್ತಾಗೆ ದಿನಕ್ಕೆರಡು ಲಾರಿ ತುಂಬಿಸುವವನು,
ನನ್ನ ಕೂಗಿಗೆ ಎಂದೂ ಸುಲಭಕ್ಕೆ ಬಗ್ಗದವನು.
'ಏನಣ್ಣಾ?' 'ಬಿಪಿ. ನಿಮಗೆ?' 'ಶುಗರು.'
ಇಬ್ಬರೂ ತಲೆಯಾಡಿಸಿದೆವು.
ಶುಗರಿನ ರೂಮು ಕೆಳಗಡೆ,
ಬಿಪಿಯದೂ ಕೆಳಗಡೆ.

ಒಳಗೆ, ನನ್ನ ತಂಗಿಯ ವಯಸ್ಸಿನ ಡಾಕ್ಟರಮ್ಮ
'ಮನಸ್ಸು ಹೇಗಿದೆ?' ಅಂದರು.
ಮೂರು ಭಾಷೆ ತಡಕಾಡಿದೆ. ಇಲ್ಲ.
'ಹೋಗಲಿ, ಹತ್ತಕ್ಕೆ ಎಷ್ಟು ಹೇಳಿ.'
ಅಂಕಿ! ಅದು ನನ್ನ ಕಸುಬು.
ಏಳು ಅಂದೆ.
ಅವರು ಬರೆಯಲಿಲ್ಲ. ಕಾದರು.
ಆರು.
ಫ್ಯಾನು ತಿರುಗುತ್ತಿತ್ತು.
ನಾಲ್ಕು ಅಂದೆ, ಗಂಟಲು ಕಟ್ಟಿತು.
ಏರಿಸಿ ಏರಿಸಿ ಬದುಕಿದ ಬಾಯಿ
ಇಳಿಸುತ್ತಾ ಕೂಗಿದ್ದು ಅದೇ ಮೊದಲು.
ಎರಡಕ್ಕೆ ನಿಂತೆ.
'ಸರಿ, ಎರಡು' ಅಂತ ಬರೆದುಕೊಂಡರು.
ಬೈಯಲಿಲ್ಲ, ಚೌಕಾಸಿ ಮಾಡಲಿಲ್ಲ.
ನನ್ನ ಮಾಲನ್ನು ಇದ್ದ ಹಾಗೇ ತಗೊಳ್ಳೋರು
ಒಬ್ಬರಾದರೂ ಸಿಕ್ಕರು ಅನ್ನಿಸಿ
ಅಂಜಿನಮ್ಮನ ಮುಂದೆಯೇ ಅತ್ತುಬಿಟ್ಟೆ.

ಮಾತ್ರೆ ಮೊದಮೊದಲು ಬರೀ ನಿದ್ದೆ ಕೊಟ್ಟಿತು,
ಬಾಯಿ ಒಣಗಿಸಿತು. ಕೂಗೋನಿಗೆ ಅದೊಂದು ಪಾಡು.
ಮುಂದಿನ ತಿಂಗಳು ಅದೇ ಬೆಂಚು, ಅದೇ ಭಾಯ್.
'ಶುಗರು ಹೇಗಿದೆ?' ಅಂದೆ.
ಬಹಳ ಹೊತ್ತು ನೆಲ ನೋಡಿ
'ಮೂರು' ಅಂದ.

ಈಗ ಬೆಳಗಿನ ಹರಾಜಿನಲ್ಲಿ,
ರಾಶಿಯ ಆ ಕಡೆಯಿಂದ, ಟವೆಲ್ಲಿನ ಮರೆಯಲ್ಲಿ
ಅವನು ಬೆರಳು ತೋರಿಸುತ್ತಾನೆ.
ಒಂದೊಂದು ದಿನ ಐದು. ಮಳೆ ಹಿಡಿದ ವಾರ ಬರೀ ಎರಡು.
ಕೂಗುತ್ತಲೇ ನನ್ನವೂ ತೋರಿಸುತ್ತೇನೆ.
ನಿನ್ನೆ ನಾಲ್ಕು ಬೆರಳೆತ್ತಿ
ಇನ್ನೊಂದನ್ನು ಅರ್ಧ ಮಡಚಿದೆ.
ಮುಂದೆ ನಿಂತಿದ್ದ ರೈತನ ಮುಖ ಅರಳಿತು:
'ನಾಲ್ಕೂವರೆ ನೂರಾ ಅಣ್ಣಾ, ನನ್ನ ಮಾಲಿಗಾ?'

ಇಲ್ಲಪ್ಪಾ ಅಂದೆ, ಇದು ಬೇರೆ ಲೆಕ್ಕ.
ನಿನ್ನದು ಇನ್ನೂ ಕೂಗಬೇಕು.